ಸಂಪಿನಲ್ಲಿ ಹಿಮಪಾತ

ಆ ಕಟ್ಟಡದಲ್ಲಿ ಅವನನ್ನು ಎಲ್ಲರೂ ಅಳಿಯಂದಿರು ಎಂದೇ ಕರೆಯುತ್ತಿದ್ದರು. ನಿವಾಸಿಗಳ ಸಂಘಕ್ಕೆ ಅವನ ಮಾವ ಕಾರ್ಯದರ್ಶಿ; ಅವನೂ ಹೆಂಡತಿಯೂ ಇದ್ದದ್ದು ಆ ಮಾವನ ಮನೆಯಲ್ಲೇ. ಕಾರ್ಯದರ್ಶಿಗೆ ಅಳಿಯನಾದವನು ಇಡೀ ಸಂಘಕ್ಕೇ ಅಳಿಯ ಎಂದು ಯಾರೂ ಠರಾವು ಮಾಡದಿದ್ದರೂ ಅದು ಜಾರಿಯಲ್ಲಿತ್ತು. ಮೂರನೇ ಮಹಡಿಯ ಹಲ್ಲಿನ ಡಾಕ್ಟರಮ್ಮನಿಂದ ಹಿಡಿದು ನೆಲಮಹಡಿಯ ದರ್ಜಿಯವರೆಗೆ ಎಲ್ಲರೂ ಅವನಿಗೆ ಮರ್ಯಾದೆ ಕೊಡುತ್ತಿದ್ದರು. ಗಮನ ಮಾತ್ರ ಯಾರೂ ಕೊಡುತ್ತಿರಲಿಲ್ಲ.

ಅವನ ಕೆಲಸ ಮಿಕ್ಸಿ ತಯಾರಿಸುವ ಕಂಪನಿಯ ಗ್ಯಾರಂಟಿ ವಿಭಾಗದಲ್ಲಿ. ಕೆಟ್ಟ ಮಿಕ್ಸಿಯೊಂದು ಮೇಜಿನ ಮೇಲೆ ಬಂದು ಕೂತರೆ ಅದರ ತಳ ಬಿಚ್ಚಬೇಕು, ಮೂಗು ಒಳಗಿಟ್ಟು ಮೂಸಬೇಕು, ಆಮೇಲೆ ತಲೆಯೆತ್ತಿ, "ನೀರು ಹೊಕ್ಕಿದೆ, ಗ್ಯಾರಂಟಿ ಅನ್ವಯಿಸುವುದಿಲ್ಲ" ಎನ್ನಬೇಕು. ವರ್ಷಗಟ್ಟಲೆ ಇದನ್ನೇ ಹೇಳಿ ಹೇಳಿ ಅವನಿಗೆ ನೀರು ಒಂದು ಬಗೆಯ ಅಪರಾಧಿಯಾಗಿ ಕಾಣುತ್ತಿತ್ತು. ಈಜು ಬರುತ್ತಿರಲಿಲ್ಲ. ಸ್ನಾನದ ಮನೆಯಲ್ಲೂ ಅವನು ನೀರಿಗೆ ಬೆನ್ನು ತಿರುಗಿಸಿ ನಿಲ್ಲುತ್ತಿರಲಿಲ್ಲ.

ಇಂಥ ಮನುಷ್ಯನಿಗೆ ಕಂಪನಿಯ ವಾರ್ಷಿಕೋತ್ಸವದ ಲಾಟರಿಯಲ್ಲಿ ಬಂದದ್ದು ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಆಕ್ಷನ್ ಕ್ಯಾಮೆರಾ, ಅದಕ್ಕೊಂದು ನೀರು ಹೊಗದ ಪಾರದರ್ಶಕ ಪೆಟ್ಟಿಗೆ. ಡಬ್ಬದ ಚಿತ್ರದಲ್ಲಿ ಒಬ್ಬ ಗಂಡಸು ಮೀನುಗಳ ನಡುವೆ ಮಲಗಿದಂತೆ ತೇಲುತ್ತಿದ್ದ. ಅವನ ಮುಖದಲ್ಲಿ ಯಾವ ದೂರೂ ಇರಲಿಲ್ಲ.

ಡಬ್ಬ ಹಿಡಿದು ಲಿಫ್ಟಿನಲ್ಲಿ ನಿಂತಿದ್ದಾಗ ಹಲ್ಲಿನ ಡಾಕ್ಟರಮ್ಮ ಕೇಳಿದರು, "ಏನದು ಅಳಿಯಂದ್ರೇ?"

"ಕ್ಯಾಮೆರಾ, ಡಾಕ್ಟ್ರೇ. ನೀರೊಳಗಿಂದು."

"ಹೌದಾ? ನೀವು ನೀರೊಳಗೆಲ್ಲ ಹೋಗ್ತೀರಾ?"

ಲಾಟರಿಯಲ್ಲಿ ಬಂತು ಎಂದಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆ ಕಟ್ಟಡದಲ್ಲಿ ಯಾರೋ ಅವನ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು.

"ಹೋಗದೆ ಇನ್ನೇನು ಡಾಕ್ಟ್ರೇ," ಎಂದ.

ಲಿಫ್ಟಿನ ಬಾಗಿಲು ತೆರೆಯಿತು. ಸುದ್ದಿ ಅವನಿಗಿಂತ ಮೊದಲೇ ಹೊರಗೆ ಕಾಲಿಟ್ಟಿತು.

ಎರಡು ದಿನದಲ್ಲಿ ದರ್ಜಿ ಅವನನ್ನು ಅಡ್ಡಗಟ್ಟಿ, "ಒಂದ್ಸಲ ತೋರಿಸ್ರೀ ಅಳಿಯಂದ್ರೇ, ನಮಗೂ ಸ್ವಲ್ಪ ಸಮುದ್ರ ಸಿಗ್ಲಿ," ಎಂದ. ಮೆಟ್ಟಿಲಲ್ಲಿ ಸಿಕ್ಕವರು ಆಳ ಎಷ್ಟು, ತಿಮಿಂಗಿಲ ಕಂಡಿತೇ ಎಂದೆಲ್ಲ ವಿಚಾರಿಸಿದರು. ಕೆಲವರು ಅವನ ಕಿವಿಗಳನ್ನು ನೋಡಿ, ಹೌದು, ನೀರಿಗೆ ಹೋಗಿ ಬಂದ ಕಿವಿಗಳೇ ಎಂದು ತಮ್ಮಷ್ಟಕ್ಕೇ ತೀರ್ಮಾನಿಸಿದರು. ಎಲ್ಲರಿಗೂ ಅವನ ಉತ್ತರ ಒಂದೇ: "ಒಳಗೆ ಕತ್ತಲೆ ಇರುತ್ತೆ. ಲೈಟು ಬೇಕು. ಲೈಟು ತಗೊಳ್ಳೋದ್ರಲ್ಲಿದೀನಿ." ಸುಳ್ಳನ್ನು ಮುಂದೂಡಲು ಇಷ್ಟು ನಿಜ ಸಾಕಾಗಿತ್ತು. ಆದರೆ ಲೈಟು ತಗೊಂಡಾಯಿತೇ ಎಂದು ಜನ ದಿನಾ ಕೇಳತೊಡಗಿದ್ದರಿಂದ ಕೊನೆಗೆ ತಗೊಳ್ಳಲೇಬೇಕಾಯಿತು.

ಅಂಗಡಿಯವನು ಗಾಜಿನ ಮೇಜಿನ ಮೇಲೆ ಲೈಟುಗಳನ್ನು ಸಾಲಾಗಿಟ್ಟ. ದೊಡ್ಡದರ ಬೆಲೆಗೆ ಒಂದು ಸ್ಕೂಟರು ಬರುತ್ತಿತ್ತು. ನಡುವಿನದಕ್ಕೆ ಸೈಕಲ್ಲು. ಕೊನೆಯಲ್ಲಿದ್ದ ಪುಟ್ಟ ಜೋಡಿ ಮಾತ್ರ ಅವನ ಕಡೆಗೆ ಬಡವರ ಮಕ್ಕಳಂತೆ ನೋಡಿತು.

"ಎಷ್ಟು ಆಳಕ್ಕೆ ಹೋಗ್ತೀರಿ ಸರ್?"

"ಅದು ಅವತ್ತಿನ ಮನಸ್ಸಿನ ಮೇಲೆ."

"ಬೆಳಕು ಅಗಲಕ್ಕೆ ಹರಡ್ಬೇಕಾ? ಇಲ್ಲ ಒಂದೇ ಕಡೆ ಬೀಳ್ಬೇಕಾ?"

"ಮಧ್ಯಮ ವರ್ಗದ್ದು ಕೊಡಿ."

ಅಂಗಡಿಯವನು ಸಹನಶೀಲ. ನೀರಿನಲ್ಲಿ ಇಳಿದಷ್ಟೂ ಕೆಂಪು ಬಣ್ಣ ಮೊದಲು ಮಾಯವಾಗುತ್ತದೆ, ಆಮೇಲೆ ಉಳಿದವು. ಬಣ್ಣ ವಾಪಸು ಬರಲೆಂದೇ ಲೈಟು ಎಂದು ವಿವರಿಸಿದ. ಡಬ್ಬದ ಮೇಲೆ ಅಚ್ಚಾದ ಬೆಳಕಿನ ಅಂಕಿಯಲ್ಲಿ ಅರ್ಧ ನಂಬಿದರೆ ಸಾಕು ಎಂದ. ವಿಡಿಯೋಗೆ ಅಗಲದ ಬೆಳಕೇ ಒಳ್ಳೆಯದು, ಈ ಪುಟ್ಟ ಜೋಡಿ ಅಗ್ಗದ್ದಾದರೂ ಅಗಲಕ್ಕೆ ಹರಡುತ್ತದೆ ಎಂದ. ಆಮೇಲೆ ಎರಡು ಉದ್ದನೆಯ ಲೋಹದ ಕಡ್ಡಿಗಳನ್ನು ತೆಗೆದಿಟ್ಟ. "ಇದು ತೋಳು ಸರ್. ಲೈಟನ್ನ ಕ್ಯಾಮೆರಾದಿಂದ ದೂರ ಹಿಡಿಯೋಕೆ. ಮುಖ್ಯವಾಗಿ ಬೇಕಾಗಿರೋದೇ ಇದು."

ತೋಳುಗಳ ಬೆಲೆ ಲೈಟುಗಳಿಗಿಂತ ಹೆಚ್ಚಾಗಿತ್ತು. ಅಳಿಯಂದಿರು ಗ್ಯಾರಂಟಿ ವಿಭಾಗದ ಮುಗುಳ್ನಗೆ ನಕ್ಕ. ದುಡ್ಡು ಕೊಟ್ಟು ಬೆಳಕು ಕೊಳ್ಳುವುದು, ಮತ್ತೆ ದುಡ್ಡು ಕೊಟ್ಟು ಅದನ್ನು ದೂರ ಇಡುವುದು! ಈ ಪೈಕಿ ಎರಡನೆಯದು ಸಂಪೂರ್ಣ ಅನಗತ್ಯವೆಂದು ಅವನಿಗೆ ಅಲ್ಲೇ ಹೊಳೆಯಿತು. ಮನೆಗೆ ಬಂದು ಎರಡೂ ಲೈಟುಗಳನ್ನು ಕ್ಯಾಮೆರಾದ ಎಡಬಲಕ್ಕೆ ಒತ್ತಿ, ರಬ್ಬರ್ ಬ್ಯಾಂಡಿನಿಂದ ಬಿಗಿದ. ನೋಡಲು ಅಚ್ಚುಕಟ್ಟಾದ ಗೂಬೆಯಂತಿತ್ತು.

ಹೊಳೆಗೆ, ಕೆರೆಗೆ ಹೋಗುವ ಮಾತೇ ಇರಲಿಲ್ಲ. ಆದರೆ ಕಟ್ಟಡದ ವಾಹನ ನಿಲ್ಲಿಸುವ ಜಾಗದ ಕೆಳಗೆ ಸಂಪು ಇತ್ತು; ಎಲ್ಲ ಮನೆಗಳಿಗೂ ನೀರು ಹೋಗುವ, ಹಗಲಲ್ಲೂ ಕತ್ತಲೆಯಿರುವ ದೊಡ್ಡ ತೊಟ್ಟಿ. ಅದರ ಕಬ್ಬಿಣದ ಮುಚ್ಚಳಕ್ಕೆ ಬೀಗ. ಬೀಗದ ಕೀಲಿಕೈ ಮಾವನ ಸೊಂಟದಲ್ಲಿ.

ಮಾವ ಉಗ್ರಾಣವೊಂದರ ನಿವೃತ್ತ ಮೇಲ್ವಿಚಾರಕರು. ಹೆಂಡತಿ ತೀರಿಕೊಂಡು ಕೆಲಸವೂ ಮುಗಿದ ಮೇಲೆ ಅವರಿಗೆ ಉಳಿದದ್ದು ಸಂಘದ ಆ ಕೀಲಿಕೈ ಗೊಂಚಲು. ಪಂಪಿನ ಕೋಣೆ, ಮಹಡಿಯ ಬಾಗಿಲು, ಮೀಟರ್ ಪೆಟ್ಟಿಗೆ, ಸಂಪು, ಎಲ್ಲವೂ ಅದರಲ್ಲಿ. ಅವರು ನಡೆದರೆ ಕಟ್ಟಡಕ್ಕೆ ಕೇಳುತ್ತಿತ್ತು. ಸಂಪನ್ನಂತೂ ಅವರು ಬೇರೆ ಯಾರ ಕೈಗೂ ಕೊಟ್ಟವರಲ್ಲ. ವರ್ಷಕ್ಕೊಮ್ಮೆ ನೀರು ಖಾಲಿ ಮಾಡಿಸಿ, ತಾವೇ ಒಳಗಿಳಿದು, ಉಜ್ಜಿ, ಪ್ಯಾಂಟು ಮಂಡಿವರೆಗೆ ಒದ್ದೆಯಾಗಿ ಮೇಲೆ ಬರುತ್ತಿದ್ದರು. ಆ ಒದ್ದೆ ಪ್ಯಾಂಟನ್ನು ನೋಡಿದವರು ಮುಂದಿನ ವರ್ಷಕ್ಕೂ ಅವರನ್ನೇ ಆರಿಸುತ್ತಿದ್ದರು.

"ಸಂಪಿನ ಮುಚ್ಚಳ ಯಾಕೆ ತೆಗೀಬೇಕು?" ಎಂದರು ಮಾವ.

"ಒಂದು ಸಣ್ಣ ಪ್ರಯೋಗ ಮಾವ. ಹಗ್ಗ ಕಟ್ಟಿ ಕ್ಯಾಮೆರಾ ಇಳಿಸ್ತೀನಿ, ಅಷ್ಟೇ."

"ನೀರು ಕುಡಿಯೋದಕ್ಕಿರೋದು, ಫೋಟೋ ತೆಗೆಯೋದಕ್ಕಲ್ಲ."

ಆದರೆ ಆ ಹೊತ್ತಿಗೆ ದರ್ಜಿ ಅಂಗಡಿಯ ಸ್ಟೂಲನ್ನೇ ತಂದು ಹಾಕಿಕೊಂಡು ಕೂತಿದ್ದ. ಡಾಕ್ಟರಮ್ಮ ಕ್ಲಿನಿಕ್ಕಿಗೆ ತಡವಾಗಿ ಬರುವುದಾಗಿ ಫೋನು ಮಾಡಿದ್ದರು. ಇಷ್ಟು ಜನರ ಮುಂದೆ ಕೀಲಿಕೈ ತಿರುಗಿಸದೆ ಮಾವನಿಗೆ ವಿಧಿಯಿರಲಿಲ್ಲ. ಬಟ್ಟೆ ಒಣಹಾಕುವ ಹಗ್ಗದ ತುದಿಯಲ್ಲಿ ಗೂಬೆ ಎರಡೂ ಕಣ್ಣು ಉರಿಸುತ್ತ ನೀರಿಗಿಳಿಯಿತು. ಅಳಿಯಂದಿರು ಅಂಚಿನಿಂದ ಸಾಕಷ್ಟು ದೂರ ನಿಂತು, ಮುಖ ಗಂಭೀರ ಮಾಡಿಕೊಂಡು, ಹಗ್ಗವನ್ನು ಅರ್ಧದವರೆಗೆ ಬಿಟ್ಟು ಮೇಲೆಳೆದ.

ಚಿತ್ರವನ್ನು ಮಾವನ ಮನೆಯ ಟೀವಿಯಲ್ಲಿ ಹಾಕಲಾಯಿತು.

ಮೊದಲು ಕತ್ತಲೆ. ಆಮೇಲೆ ಹಿಮಪಾತ. ಸಾವಿರಾರು ಬಿಳಿಯ ಚುಕ್ಕೆಗಳು ಪರದೆಯ ತುಂಬ ಸುತ್ತುತ್ತ, ಒಂದಕ್ಕೊಂದು ಡಿಕ್ಕಿ ಹೊಡೆಯುತ್ತ, ಹತ್ತಿರ ಬಂದು ಹಾವಿನ ಮರಿಗಳಂತೆ ಹೊರಳಿ ಮರೆಯಾದವು. ಅವುಗಳ ಹಿಂದೆ ಗೋಡೆಯೂ ಕಾಣಲಿಲ್ಲ, ನೀರೂ ಕಾಣಲಿಲ್ಲ.

"ಅಯ್ಯಯ್ಯೋ, ಹುಳ! ಓಡಾಡ್ತಿವೆ!" ಎಂದ ದರ್ಜಿ.

ಡಾಕ್ಟರಮ್ಮ ಕನ್ನಡಕ ಏರಿಸಿಕೊಂಡರು. "ಜೀವ ಇದೆ ಇವಕ್ಕೆ. ದಿನಾ ಬೆಳಗಾದ್ರೆ ಜನರ ಬಾಯೊಳಗೆ ನೋಡೋಳು ನಾನು. ಇವುಗಳ ನಡಿಗೆ ನನಗೆ ಗೊತ್ತು."

ಎಲ್ಲರೂ ತಜ್ಞನ ಕಡೆ ತಿರುಗಿದರು. "ನೀವು ಸಮುದ್ರದೊಳಗೆಲ್ಲ ನೋಡಿದೋರು ಅಳಿಯಂದ್ರೇ. ಅಲ್ಲೂ ಹಿಂಗೇ ಇರುತ್ತಾ?"

ಅಳಿಯಂದಿರು ಗಲ್ಲ ಕೆರೆದುಕೊಂಡ. ಗೊತ್ತಿಲ್ಲ ಎನ್ನುವುದು ತಜ್ಞನಿಗೆ ಶೋಭೆಯಲ್ಲ. ಬಹಳ ಹೊತ್ತು ಯೋಚಿಸಿದವನಂತೆ ಕಂಡು, "ಸಮುದ್ರದಲ್ಲಿ ಇಷ್ಟಿರಲ್ಲ," ಎಂದ.

ಡಾಕ್ಟರಮ್ಮ ಕೈಯಲ್ಲಿದ್ದ ನೀರಿನ ಲೋಟವನ್ನು ನಿಧಾನವಾಗಿ ಕೆಳಗಿಟ್ಟರು.

ಆ ಸಂಜೆಯಿಂದ ಕಟ್ಟಡ ನೀರು ಕುಡಿಯುವುದನ್ನು ನಿಲ್ಲಿಸಿತು. ಒಬ್ಬರು ಸೋಡಾದಲ್ಲಿ ಗಡ್ಡ ಬೋಳಿಸಿಕೊಂಡರು. ದರ್ಜಿ ಇಸ್ತ್ರಿಗೆ ಚಿಮುಕಿಸುವ ನೀರನ್ನೂ ಕುದಿಸತೊಡಗಿದ, "ಗಿರಾಕಿಗಳ ಅಂಗಿಯೊಳಗೆ ಮರಿ ಹಾಕಿದ್ರೆ ಯಾರು ಹೊಣೆ?" ಎಂದು. ಎಲ್ಲರಿಗೂ ಹೊಟ್ಟೆನೋವು ಬಂತು. ತಿಂಗಳಿಂದ ಪರವೂರಿನಲ್ಲಿದ್ದು ಆವತ್ತಷ್ಟೇ ಬಂದಿಳಿದವರಿಗೆ ಎಲ್ಲರಿಗಿಂತ ಜಾಸ್ತಿ ಬಂತು. ಅವರು ಬಾಗಿಲ ಬಳಿ ಸೂಟ್‌ಕೇಸಿನ ಮೇಲೇ ಕೂತು ನರಳಿದರು.

ನೀರಿನ ಇಲಾಖೆಯ ಇನ್‌ಸ್ಪೆಕ್ಟರು ಬಂದರು. ಚಪ್ಪಲಿ ಬಿಡದೆ, ಕೂರದೆ, ಬಾಗಿಲಲ್ಲೇ ನಿಂತು ಚಿತ್ರವನ್ನು ಪೂರ್ತಿ ನೋಡಿದರು.

"ಇದು ಯಾವ ಚಾನೆಲ್ಲು?"

"ನಮ್ಮ ಸಂಪು ಸಾರ್!"

ಅವರು ಸಂಪಿನಿಂದ ಒಂದು ಬಾಟಲಿ ನೀರು ತುಂಬಿಸಿಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ನೀರು ತಿಳಿಯಾಗಿತ್ತು. ಬಾಟಲಿಯನ್ನು ನೋಡಿದರು, ಟೀವಿಯನ್ನು ನೋಡಿದರು, ಮತ್ತೆ ಬಾಟಲಿಯನ್ನು ನೋಡಿದರು.

"ಬಾಟಲಿಯಲ್ಲಿಲ್ಲ. ಟೀವಿಯಲ್ಲಿದೆ," ಎಂದು ತೀರ್ಪಿತ್ತರು. "ನಮ್ಮ ಇಲಾಖೆ ಜವಾಬ್ದಾರಿ ಪೈಪಿನ ಬಾಯಿವರೆಗೆ. ಸಂಪು ನಿಮ್ಮದು. ಟೀವಿಯಂತೂ ನಮ್ಮ ವ್ಯಾಪ್ತಿಗೇ ಬರಲ್ಲ."

"ಅಂದ್ರೆ ಸಂಪು ನೋಡ್ಕೊಳ್ಳೋರ ತಪ್ಪು," ಎಂದರು ಡಾಕ್ಟರಮ್ಮ.

"ನಾನು ಹಾಗೆ ಅಂದಿಲ್ಲ. ಹಾಗಲ್ಲ ಅಂತಾನೂ ಅಂದಿಲ್ಲ," ಎಂದು ಇನ್‌ಸ್ಪೆಕ್ಟರು ಮೆಟ್ಟಿಲಿಳಿದರು.

ಡಾಕ್ಟರಮ್ಮ ಮಾವನ ಮುಂದೆ ನಿಂತು, ಹಲ್ಲು ಕೀಳುವ ಮೊದಲು ರೋಗಿಯ ಜೊತೆ ಮಾತಾಡುವ ಮೃದು ದನಿಯಲ್ಲಿ ಹೇಳಿದರು: "ಭಾನುವಾರ ಸಭೆ ಕರೆಯೋಣ. ಸಂಪು ಸ್ವಚ್ಛ ಇದೆ ಅಂತ ತೋರಿಸಿ. ಇಲ್ಲಾಂದ್ರೆ ಕೀಲಿಕೈ ಇಟ್ಟುಬಿಡಿ. ಬೇಜಾರು ಮಾಡ್ಕೋಬೇಡಿ, ಮಕ್ಕಳು ಕುಡಿಯೋ ನೀರಲ್ವಾ?"

ಅಂದಿನಿಂದ ಮಾವ ಸೊಂಟದ ಗೊಂಚಲನ್ನು ಮುಷ್ಟಿಯಲ್ಲಿ ಹಿಡಿದು ನಡೆದರು. ಅವರು ಬರುವುದು ಕಟ್ಟಡಕ್ಕೆ ಕೇಳಿಸದಾಯಿತು.

"ಅಪ್ಪ ಸರಿಯಾಗಿ ಊಟ ಮಾಡ್ತಿಲ್ಲ ರೀ," ಎಂದಳು ಹೆಂಡತಿ. "ತಟ್ಟೆ ಪಕ್ಕ ಕೀಲಿಕೈ ಇಟ್ಕೊಂಡು ಅದನ್ನೇ ನೋಡ್ತಾ ಕೂತಿರ್ತಾರೆ. ನಿಮ್ಮ ಸಿನಿಮಾ ಬಿಡುಗಡೆ ಆದಾಗಿಂದ ಹಿಂಗೇ."

ಅಳಿಯಂದಿರಿಗೂ ಊಟ ಸೇರುತ್ತಿರಲಿಲ್ಲ. ಲೈಟುಗಳನ್ನು ವಾಪಸು ಕೊಟ್ಟುಬಿಡೋಣ ಎಂದು ಅಂಗಡಿಗೆ ಹೋದ. ಮೇಜಿನ ಆ ಕಡೆ ನಿಂತು ಅನುಭವವಿದ್ದವನು ಈಗ ಈ ಕಡೆ ನಿಂತಿದ್ದ. ಅಂಗಡಿಯವನು ಲೈಟನ್ನು ಮೂಸಿ ನೋಡಲಿಲ್ಲ. ಚಿತ್ರ ತೋರಿಸಿ ಎಂದ. ನೋಡಿ ನಕ್ಕ.

"ಲೈಟು ಎಲ್ಲಿ ಕಟ್ಟಿದ್ರಿ ಸರ್?"

"ಪಕ್ಕದಲ್ಲೇ. ಎರಡೂ ಕಡೆ."

"ಅದಕ್ಕೇ. ಧೂಳಿನ ರಸ್ತೇಲಿ ರಾತ್ರಿ ಕಾರಿನ ಲೈಟು ಹಾಕಿದ್ರೆ ಏನಾಗುತ್ತೆ? ರಸ್ತೆ ಕಾಣಲ್ಲ, ಧೂಳೇ ಕಾಣುತ್ತೆ. ಎಲ್ಲಾ ನೀರಲ್ಲೂ ಕಣ್ಣಿಗೆ ಕಾಣದ ಧೂಳು ಇದ್ದೇ ಇರುತ್ತೆ. ಬೆಳಕು ನೇರ ಹೋಗಿ ಅದಕ್ಕೆ ಬಡಿದು ನೇರ ಕ್ಯಾಮೆರಾಕ್ಕೇ ವಾಪಸು ಬರುತ್ತೆ. ಲೈಟು ಅತ್ತ ಒಂದು, ಇತ್ತ ಒಂದು ದೂರ ಇಟ್ಟು, ಮುಖ ಸ್ವಲ್ಪ ಹೊರಕ್ಕೆ ತಿರುಗಿಸಿ ನೋಡಿ."

"ಹಾಗಾದ್ರೆ ಹುಳ?"

"ಯಾವ ಹುಳ ಸರ್?"

ಅಳಿಯಂದಿರು ಅಂಗಡಿಯಿಂದ ಬಹುಮಟ್ಟಿಗೆ ಓಡಿಕೊಂಡೇ ಮನೆಗೆ ಬಂದ. ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳು ಪಾತ್ರೆ ಒರೆಸುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು.

"ಅಂದ್ರೆ ತಪ್ಪು ನಿಮ್ಮದು."

"ತಾಂತ್ರಿಕವಾಗಿ ನೋಡಿದ್ರೆ ಲೈಟಿಂದು."

"ಲೈಟು ತಾನಾಗೇ ಹೋಗಿ ಅಲ್ಲಿ ಕೂತ್ಕೊಂಡಿತ್ತಾ?"

ಅವನು ಒರೆಸಿಟ್ಟ ಪಾತ್ರೆಯನ್ನೇ ಎತ್ತಿಕೊಂಡು ಮತ್ತೆ ಒರೆಸತೊಡಗಿದ.

"ಭಾನುವಾರ ಎಲ್ಲರ ಮುಂದೆ ಹೇಳಿ. ಸಮುದ್ರದಲ್ಲಿ ಇಷ್ಟಿರಲ್ಲ ಅಂದ್ರಲ್ಲ, ಅದನ್ನೂ ಹೇಳಿ. ಅಪ್ಪನ ಮರ್ಯಾದೆ ಉಳೀಬೇಕು."

ಹೇಳುತ್ತೇನೆ ಎಂದ. ಹೇಳಿದ್ದಲ್ಲದೆ ಅವನಿಗೆ ತನ್ನ ಬಗ್ಗೆ ಗೌರವವೂ ಮೂಡಿತು; ಮಾವನ ಸಲುವಾಗಿ ತನ್ನ ಕೀರ್ತಿಯನ್ನೇ ಬಲಿ ಕೊಡುತ್ತಿದ್ದೇನೆ ಎನಿಸಿತು. ನೇರ ಮಾವನ ಕೋಣೆಗೆ ಹೋದ.

"ಮಾವ, ಭಾನುವಾರ ಇನ್ನೊಂದು ಸಲ ಇಳಿಸ್ತೀನಿ. ಹುಳಾನೂ ಇಲ್ಲ, ಏನೂ ಇಲ್ಲ. ಈ ಸಲ ತಳದವರೆಗೂ ಗಾಜಿನ ಥರ ಕಾಣುತ್ತೆ."

ಮಾವನ ಕೈ ಗೊಂಚಲಿನ ಮೇಲೆ ನಿಂತಿತು. "ತಳ ಯಾಕೆ? ಮೇಲೆ ಮೇಲೆ ಸಾಕು."

"ಅರ್ಧಂಬರ್ಧ ಮಾಡಿದ್ರೆ ಜನಕ್ಕೆ ಅನುಮಾನ ಉಳಿಯುತ್ತೆ ಮಾವ."

"ಬೇಡ ಅಳಿಯಂದ್ರೇ. ಹುಳಾನೇ ಇರ್ಲಿ ಬಿಡಿ. ಹುಳ ಆದ್ರೆ ಪೈಪಿಂದ ಬಂದಿರುತ್ತೆ. ಯಾರಿಗೆ ಬೇಕಾದ್ರೂ ಬರುತ್ತೆ."

ನಾಲ್ಕು ಜನರ ಮುಂದೆ ಅಳಿಯ ತಲೆ ತಗ್ಗಿಸಬಾರದೆಂದು ಈ ಹಿರಿಯ ಜೀವ ತನ್ನ ತಲೆಯ ಮೇಲೆ ಹುಳಗಳನ್ನು ಹೊತ್ತುಕೊಳ್ಳುತ್ತಿದೆ ಎಂದು ಅಳಿಯಂದಿರಿಗೆ ಅರ್ಥವಾಯಿತು. ಅವನಿಗೆ ಅರ್ಥವಾದ ಎಲ್ಲ ಸಂಗತಿಗಳಂತೆ ಇದೂ ತಪ್ಪಾಗಿತ್ತು. "ನೀವು ಎಷ್ಟು ಬೇಡ ಅಂದ್ರೂ ನಾನು ಬಿಡಲ್ಲ ಮಾವ," ಎಂದು ಕಣ್ಣೊರೆಸಿಕೊಂಡು ಹೊರಬಂದ.

ಭಾನುವಾರ ಬೆಳಗ್ಗೆ ಕಾರುಗಳನ್ನು ಹೊರಗೆ ನಿಲ್ಲಿಸಿ ಕುರ್ಚಿ ಹಾಕಲಾಯಿತು. ಟೀವಿಯನ್ನು ಕೆಳಗೆ ತಂದು ದರ್ಜಿಯ ಮೇಜಿನ ಮೇಲಿಟ್ಟರು. ತೋಳು ಕೊಳ್ಳುವ ಬದಲು ಅಳಿಯಂದಿರು ಮಲಗುವ ಕೋಣೆಯ ಕಿಟಕಿ ಪರದೆಯ ಕೋಲನ್ನು ಬಿಚ್ಚಿ ತಂದಿದ್ದ. ನಡುವೆ ಕ್ಯಾಮೆರಾ, ಎರಡು ತುದಿಗೆ ಎರಡು ಲೈಟು.

ಎದ್ದು ನಿಂತು ಹೇಳಬೇಕಾದ್ದನ್ನು ಹೇಳಿದ. ಜನ ಸುಲಭವಾಗಿ ನಂಬಲಿಲ್ಲ. ವಾರವಿಡೀ ಸೋಡಾದಲ್ಲಿ ಗಡ್ಡ ಬೋಳಿಸಿಕೊಂಡವರಿಗೆ ಅದು ಧೂಳು ಎಂದರೆ ಹೇಗಾಗಬೇಡ?

"ನನ್ನ ಹೊಟ್ಟೆನೋವು ಧೂಳಾ ಹಾಗಾದ್ರೆ?" ಎಂದರು ಒಬ್ಬರು.

"ಮತ್ತೆ ಸಮುದ್ರದಲ್ಲಿ ಇಷ್ಟಿರಲ್ಲ ಅಂದ್ರಲ್ಲ?" ಎಂದರು ಡಾಕ್ಟರಮ್ಮ.

"ಸಮುದ್ರವನ್ನ ನಾನು ನೋಡಿದೀನಿ ಡಾಕ್ಟ್ರೇ. ದಡದಿಂದ."

"ಈಜು?"

"ಬರಲ್ಲ."

ದರ್ಜಿ ಸ್ಟೂಲಿನಿಂದ ಜಾರುವಷ್ಟು ನಕ್ಕ. ನಗು ಒಂದು ಸುತ್ತು ಹೋಗಿ ಬಂತು. ಅಳಿಯಂದಿರು ಅದು ಮುಗಿಯುವವರೆಗೆ ತಲೆ ತಗ್ಗಿಸಿ ನಿಂತಿದ್ದು, ಆಮೇಲೆ ಕೋಲನ್ನು ಓರೆಯಾಗಿ ಸಂಪಿನ ಬಾಯಿಗೆ ತೂರಿಸಿ ಇಳಿಸಿದ. ಈ ಸಲ ಹಗ್ಗ ಸಡಿಲವಾಗುವವರೆಗೆ ಬಿಟ್ಟ. ಮೇಲೆಳೆದು, ಒರೆಸಿ, ಟೀವಿಗೆ ಜೋಡಿಸಿದ.

ನೀರು ಕಂಡಿತು. ಹಿಮವಿರಲಿಲ್ಲ, ಹುಳವಿರಲಿಲ್ಲ. ಗೋಡೆಯ ಸಿಮೆಂಟಿನ ಗೆರೆಗಳು, ಪೈಪಿನ ತುಕ್ಕು, ಎಲ್ಲವೂ ತಮ್ಮ ತಮ್ಮ ಬಣ್ಣದಲ್ಲಿ ನಿಂತಿದ್ದವು. ನೀರು ಎಷ್ಟು ತಿಳಿಯಾಗಿತ್ತೆಂದರೆ ಅದು ಇದೆಯೆಂದು ನಂಬುವುದೇ ಕಷ್ಟವಾಗಿತ್ತು. ಯಾರೋ ಚಪ್ಪಾಳೆ ತಟ್ಟಿದರು. ಇನ್ನೊಬ್ಬರು ಎದ್ದು ಹೋಗಿ ನಲ್ಲಿ ತಿರುಗಿಸಿ ಬೊಗಸೆಯಲ್ಲಿ ಕುಡಿದೇಬಿಟ್ಟರು. ಹೆಂಡತಿ ಮೊದಲ ಬಾರಿಗೆ ಗಂಡನನ್ನು ಒಬ್ಬ ಗಂಡನಂತೆ ನೋಡಿದಳು.

ಮಾವ ಕುರ್ಚಿಯಿಂದ ಎದ್ದರು. "ಸಾಕು. ಗೊತ್ತಾಯ್ತಲ್ಲ. ಆರಿಸಿ ಅಳಿಯಂದ್ರೇ."

"ಇನ್ನೂ ಇದೆ ಮಾವ."

"ಸಾಕು ಅಂದೆನಲ್ಲ."

"ಕೂತ್ಕೊಳ್ಳಿ ಮಾವ, ಕೊನೇಲಿ ಇನ್ನೂ ಚೆನ್ನಾಗಿರುತ್ತೆ," ಎಂದ ಅಳಿಯಂದಿರು, ಆ ಭಾಗವನ್ನು ತಾನೂ ನೋಡಿರದವನು.

ಕ್ಯಾಮೆರಾ ತಳ ಮುಟ್ಟಿತು. ತಳವಿರಲಿಲ್ಲ. ತಳ ಇರಬೇಕಾದ ಕಡೆ ಗೇಣು ದಪ್ಪದ ಮೆತ್ತನೆಯ ಕೆಸರು ಹಾಸಿಗೆಯಂತೆ ಬಿದ್ದಿತ್ತು. ಒಳ್ಳೆಯ ಬೆಳಕಿನಲ್ಲಿ ಅದರ ಕಂದು ಬಣ್ಣ ಬಹಳ ಶುದ್ಧವಾಗಿ ಬಂದಿತ್ತು. ಕೆಸರಿನಲ್ಲಿ ಅರ್ಧ ಹೂತ ಒಂದು ಚಮಚ, ಒಂದು ಚೆಂಡು, ಕೋಲಿನಿಂದ ಕಳಚಿ ಬಿದ್ದ ಬ್ರಷ್ಷಿನ ತಲೆ. ಪರದೆಯ ಕೋಲು ಕೆಸರಿಗೆ ತಾಗಿದಾಗ ಒಂದು ಮೋಡ ನಿಧಾನವಾಗಿ ಮೇಲೆದ್ದು ಎಲ್ಲವನ್ನೂ ಮುಚ್ಚಿತು. ಚಿತ್ರ ಮುಗಿಯಿತು.

ನಲ್ಲಿಯ ಬಳಿ ನೀರು ಕುಡಿಯುತ್ತಿದ್ದವರು ಉಗುಳಿದ ಸದ್ದು ಮಾತ್ರ ಕೇಳಿಸಿತು.

"ಯಾವಾಗ ತೊಳೆದಿದ್ದು ಇದನ್ನ?" ಎಂದರು ಡಾಕ್ಟರಮ್ಮ. ಈ ಸಲ ದನಿಯಲ್ಲಿ ಮೃದುತ್ವವಿರಲಿಲ್ಲ.

ಮಾವ ನಿಂತೇ ಇದ್ದರು. "ಮೂರು ವರ್ಷ ಆಯ್ತು."

"ಹೋದ ವರ್ಷ ನಾವೇ ನೋಡಿದೀವಲ್ಲ, ಒದ್ದೆ ಪ್ಯಾಂಟಲ್ಲಿ ಬಂದ್ರಿ?"

"ಪಂಪಿನ ಕೋಣೆ ಬಕೆಟ್ಟಲ್ಲಿ ಕಾಲಿಟ್ಕೊಂಡು ಒದ್ದೆ ಮಾಡ್ಕೊಂಡೆ." ಅವರು ಯಾರನ್ನೂ ನೋಡಲಿಲ್ಲ. "ಏಣಿ ಇಳಿಯೋಕೆ ಮಂಡಿ ಬಗ್ಗಲ್ಲ. ಮೇಲೆ ಕೂತು ಕೋಲಿಗೆ ಬ್ರಷ್ ಕಟ್ಟಿ ಉಜ್ಜಿದೆ. ಅದೂ ಬಿದ್ದೋಯ್ತು. ಬೇರೆಯವರನ್ನ ಇಳಿಸಿದ್ರೆ, ಇನ್ನು ಇವರ ಕೈಲಿ ಆಗಲ್ಲ ಅಂತ ನೀವೆಲ್ಲ ಅಂದ್ಕೋತಿದ್ರಿ."

ಸೊಂಟದಿಂದ ಗೊಂಚಲು ಬಿಡಿಸಿ ಡಾಕ್ಟರಮ್ಮನ ಕೈಯಲ್ಲಿಟ್ಟರು. ವಾರದಿಂದ ಅದನ್ನೇ ಕೇಳುತ್ತಿದ್ದ ಡಾಕ್ಟರಮ್ಮನ ಕೈ ಅದರ ಭಾರಕ್ಕೆ ತುಸು ಕೆಳಗಿಳಿಯಿತು. ಅಳಿಯಂದಿರು ಪರದೆಯ ಕೋಲು ಹಿಡಿದುಕೊಂಡು, ತಾನು ಉಳಿಸಿದ ಮನುಷ್ಯನನ್ನು ನೋಡುತ್ತ ನಿಂತಿದ್ದ.

ಮೊದಲು ಮಾತಾಡಿದ್ದು ಅವನ ಹೆಂಡತಿ. "ಏನ್ರೀ, ಹಾಗೇ ನಿಂತ್ರಿ? ಪ್ಯಾಂಟು ಮಡಚಿ."

"ನಾನಾ?"

"ಮತ್ತೆ ಇನ್ಯಾರು? ಅಪ್ಪಂಗೆ ಆಗಲ್ಲ ಅಂದ್ರಲ್ಲ."

"ಈಜು ಬರಲ್ಲ ಕಣೇ!"

"ನೀರು ತೆಗೆದ ಮೇಲೆ ಯಾರು ಈಜ್ತಾರೆ ಅಳಿಯಂದ್ರೇ, ಕೆಸರಲ್ಲಿ ಎಮ್ಮೇನೂ ಈಜಲ್ಲ," ಎಂದು ದರ್ಜಿ ಅವನ ಪ್ಯಾಂಟನ್ನು ತಾನೇ ಬಗ್ಗಿ ಮಡಚಿದ. ಅಳತೆ ತೆಗೆದವನಂತೆ, ಎರಡೂ ಕಾಲಿಗೆ ಸಮವಾಗಿ.

ಪಂಪು ಹಾಕಿ ನೀರು ಹೊರಗೆ ಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಅಳಿಯಂದಿರು ಕಬ್ಬಿಣದ ಏಣಿಯನ್ನು ಒಂದೊಂದೇ ಮೆಟ್ಟಿಲು ಅಪ್ಪಿಕೊಂಡು ಇಳಿದ. ಮೀನಖಂಡದವರೆಗೆ ಕೆಸರು. ಬಕೆಟ್ಟು ಹಗ್ಗದಲ್ಲಿ ಇಳಿಯಿತು, ತುಂಬಿ ಏರಿತು, ಮತ್ತೆ ಇಳಿಯಿತು. ಮೇಲೆ ಸಾಲಾಗಿ ನಿಂತವರು ಬಕೆಟ್ಟನ್ನು ಕೈಯಿಂದ ಕೈಗೆ ದಾಟಿಸಿದರು. ಕ್ಲಿನಿಕ್ಕಿನ ಗ್ಲೌಸು ಹಾಕಿಕೊಂಡು ಡಾಕ್ಟರಮ್ಮನೂ ಸಾಲಿನಲ್ಲಿದ್ದರು. ಗೊಂಚಲನ್ನು ಎಲ್ಲಿಡಬೇಕೆಂದು ತೋಚದೆ ಅವರು ಅದನ್ನು ಕುತ್ತಿಗೆಗೆ ಹಾಕಿಕೊಂಡಿದ್ದರು. ಮಾವ ಮಾತ್ರ ದೂರದ ಕುರ್ಚಿಯಲ್ಲಿ ಕೂತು ಕೈ ನೋಡಿಕೊಳ್ಳುತ್ತಿದ್ದರು.

"ಆಯ್ತು!" ಎಂದು ಕೊನೆಗೆ ಸಂಪಿನೊಳಗಿಂದ ಕೂಗು ಬಂತು. "ಎಲ್ಲಾ ಉಜ್ಜಿದೀನಿ!"

ಡಾಕ್ಟರಮ್ಮ ಬಗ್ಗಿ ನೋಡಿದರು. ದರ್ಜಿ ಬಗ್ಗಿ ನೋಡಿದ. ಸ್ವಚ್ಛವಾಗಿದೆ ಎನ್ನುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಸ್ವಚ್ಛವಾದ ಸಂಪು ಹೇಗಿರುತ್ತದೆಂದು ಅಲ್ಲಿ ಯಾರೂ ಯಾವತ್ತೂ ನೋಡಿರಲಿಲ್ಲ.

ಎಲ್ಲರೂ ಕುರ್ಚಿಯ ಕಡೆ ತಿರುಗಿದರು.

ಮಾವ ಎದ್ದು ಬಂದರು. ಸಂಪಿನ ಬಾಯಲ್ಲಿ ನಿಂತು ಕತ್ತಲೆಯೊಳಗೆ ಬಹಳ ಹೊತ್ತು ನೋಡಿದರು. "ಇಲ್ಲಿಂದ ಏನೂ ಹೇಳೋಕಾಗಲ್ಲ," ಎಂದು ಚಪ್ಪಲಿ ಬಿಟ್ಟರು.

"ಅಪ್ಪಾ, ಬೇಡ!"

"ಹಿಡ್ಕೊಳ್ರಮ್ಮ ಯಾರಾದ್ರೂ."

ಸಂಘದ ಇತಿಹಾಸದಲ್ಲಿ ಒಮ್ಮತದಿಂದ ನಡೆದ ಏಕೈಕ ಕೆಲಸ ಅದು. ಒಂದು ಕಂಕುಳಿಗೆ ದರ್ಜಿ, ಇನ್ನೊಂದಕ್ಕೆ ಡಾಕ್ಟರಮ್ಮ, ಬೆನ್ನಿಗೆ ಮಗಳು. ಕೆಳಗಿನಿಂದ ಅಳಿಯಂದಿರು ಅವರ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದು ಏಣಿಯ ಮೆಟ್ಟಿಲಿಂದ ಮೆಟ್ಟಿಲಿಗೆ ಇಟ್ಟ. ಬಗ್ಗದ ಮಂಡಿಗಳು ಗೋಡೆಗೆ ತಾಗಿದವು. ಮಾವ ನೋವನ್ನು ಹಲ್ಲಿನ ನಡುವೆ ಹಿಡಿದುಕೊಂಡರು. ಕೊನೆಗೆ ಒದ್ದೆ ಸಿಮೆಂಟಿನ ಮೇಲೆ ಬರಿಗಾಲಲ್ಲಿ ನಿಂತು, ಅಳಿಯನ ಕೈಯಿಂದ ಲೈಟು ತೆಗೆದುಕೊಂಡು, ಗೋಡೆಯುದ್ದಕ್ಕೂ ಬೆಳಕು ಹರಿಸಿದರು.

ಪೈಪಿನ ಹಿಂದೆ ಬೆರಳು ಹಾಕಿ ಎಳೆದರು. ಬೆರಳು ಕಂದಾಗಿತ್ತು.

"ಇಲ್ಲಿ ಬಿಟ್ಟಿದೀರಿ," ಎಂದರು. "ಬ್ರಷ್ ಕೊಡಿ."

ಉಜ್ಜುವ ಸದ್ದು ಶುರುವಾಯಿತು. ಡಾಕ್ಟರಮ್ಮ ಮೊಣಕಾಲೂರಿ ತಲೆ ಒಳಗಿಟ್ಟರು. ಕುತ್ತಿಗೆಯ ಗೊಂಚಲು ಸಂಪಿನೊಳಗೆ ತೂಗಾಡಿತು.

"ಸೆಕ್ರೆಟ್ರಿಗಳೇ, ಈ ಕಡೆ ಗೋಡೆ?"

"ಬರ್ತೀನಿ ಇರಿ," ಎಂದು ಕೆಳಗಿನಿಂದ ಗದರಿದ ದನಿ ಬಂತು.

ಅವರನ್ನು ಮತ್ತೆ ಮೇಲೆ ತರುವುದು ಹೇಗೆಂದು ಯಾರೂ ಯೋಚಿಸಿರಲಿಲ್ಲ. ಅವರೂ ಕೇಳಲಿಲ್ಲ.